ಕೆಮ್ಮು ನಿಂತಿತೆಂದು ಸಮಾಧಾನಪಡಬೇಡಿ: ಪಾರ್ಕಿನ್ಸನ್ ಇರುವವರಿಗೆ ಊಟ ಮಾಡಿಸುವ ಬಗೆ

ಊಟದ ನಡುವೆ ಯಾರಿಗಾದರೂ ನೆತ್ತಿಗೆ ಹತ್ತಿದರೆ ನಮ್ಮಲ್ಲಿ ಉಪಚಾರ ಎರಡೇ: ತಲೆಯ ಮೇಲೆ ಮೆಲ್ಲನೆ ತಟ್ಟುವುದು, 'ಯಾರೋ ನೆನಪು ಮಾಡಿದರು' ಎನ್ನುವುದು. ಪಾರ್ಕಿನ್ಸನ್ ಕಾಯಿಲೆ ಹಿಡಿದ ನಾಲ್ಕನೆಯ ವರ್ಷ ನನ್ನ ಅಪ್ಪನಿಗೆ ದಿನಕ್ಕೆ ಎರಡು ಮೂರು ಸಲ ನೆತ್ತಿಗೆ ಹತ್ತತೊಡಗಿತು. ಬೆಂಗಳೂರಿನಲ್ಲಿರುವ ತಂಗಿಗೆ ಬೇರೆ ಕೆಲಸವಿಲ್ಲ, ಸರಿಯಾಗಿ ಊಟದ ಹೊತ್ತಿಗೇ ನೆನಪು ಮಾಡುತ್ತಾಳೆ ಎಂದು ಅಮ್ಮ ನಗುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಕೆಮ್ಮು ತಾನಾಗಿ ಕಡಿಮೆಯಾಯಿತು. ಮಾತ್ರೆ ಹಿಡಿಯಿತು ಎಂದುಕೊಂಡೆವು. ಆ ಮಳೆಗಾಲ ಮುಗಿಯುವುದರೊಳಗೆ ಅವರಿಗೆ ಎರಡು ಸಲ ನ್ಯುಮೋನಿಯಾ ಆಯಿತು.

ಆಗಿದ್ದು ಇಷ್ಟು. ಅನ್ನದ ಅಗುಳು, ಚಹಾದ ಗುಟುಕು ಮೊದಲಿನಂತೆಯೇ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಅದನ್ನು ಹೊರಗೆ ತಳ್ಳಬೇಕಾದ ಕೆಮ್ಮು ಮಾತ್ರ ಸೋತುಹೋಗಿತ್ತು. ವೈದ್ಯರು ಇದನ್ನು 'ಸೈಲೆಂಟ್ ಆಸ್ಪಿರೇಶನ್' ಎನ್ನುತ್ತಾರೆ. ಕಳ್ಳ ಒಳಗೆ ಬಂದರೂ ನಾಯಿ ಬೊಗಳದ ಸ್ಥಿತಿ. ಪಾರ್ಕಿನ್ಸನ್ ಇರುವವರಲ್ಲಿ ಇದು ಅಪರೂಪವಲ್ಲ, ಮತ್ತು ಈ ಕಾಯಿಲೆಯವರ ಜೀವಕ್ಕೆ ಎರವಾಗುವ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಒಂದು. ಕೈನಡುಕ ಎಲ್ಲರ ಕಣ್ಣಿಗೆ ಬೀಳುತ್ತದೆ, ಗಂಟಲಿನೊಳಗಿನ ಸೋಲು ಯಾರಿಗೂ ಕಾಣುವುದಿಲ್ಲ.

ನಾನು ವೈದ್ಯನಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಅಡಿಕೆ ತೋಟ ನೋಡಿಕೊಂಡಿರುವವನು. ಐದು ವರ್ಷಗಳಿಂದ ಅಪ್ಪನನ್ನು ಕರೆದುಕೊಂಡು ಕಾಸರಗೋಡು, ಮಂಗಳೂರು ಎಂದು ಓಡಾಡುತ್ತಾ ಕಲಿತದ್ದನ್ನು, ನಮ್ಮ ಅಡುಗೆಮನೆಯ ಭಾಷೆಗೆ ಇಳಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯವರ ಗಂಟಲು ನಮ್ಮ ಅಪ್ಪನ ಗಂಟಲಿನಂತೆಯೇ ಇರಬೇಕೆಂದಿಲ್ಲ. ಆದ್ದರಿಂದ ವ್ಯಾಯಾಮ ಮತ್ತು ಆಹಾರದ ಹದವನ್ನು ತಪಾಸಣೆ ಮಾಡಿಸಿದ ಮೇಲೆಯೇ ನಿರ್ಧರಿಸಬೇಕು. ಕೂರುವ ಭಂಗಿ, ಬಾಯಿಯ ಶುಚಿ, ಒಂದು ನೋಟುಪುಸ್ತಕ, ಇವಿಷ್ಟನ್ನು ಇಂದು ರಾತ್ರಿಯಿಂದಲೇ ಶುರು ಮಾಡಬಹುದು.

ಮೊದಲು ಒಂದು ವಾರ ಬರೆದಿಡಿ

ನುಂಗಲು ತೊಂದರೆ ಇದೆಯೇ ಎಂದು ರೋಗಿಯನ್ನು ಕೇಳಿದರೆ 'ಏನೂ ಇಲ್ಲ' ಎಂಬ ಉತ್ತರ ಬರುವುದೇ ಹೆಚ್ಚು. ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಅವರಿಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ನೋಡಬೇಕಾದವರು ಬಡಿಸುವವರು.

ಒಂದು ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆಯಿರಿ. ಏನು ತಿಂದರು, ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಕೆಮ್ಮಿದರು, ಊಟದ ನಂತರ ಧ್ವನಿ ಹೇಗಿತ್ತು, ಮಾತ್ರೆ ತೆಗೆದುಕೊಂಡದ್ದು ಯಾವಾಗ. ನಮ್ಮ ಮನೆಯಲ್ಲಿ ಕೆಮ್ಮಿನ ಕಾಲಂಗೆ ಅಮ್ಮ 'ನೆನಪು' ಎಂದು ತಲೆಬರಹ ಕೊಟ್ಟಿದ್ದಾಳೆ. ಇರಲಿ, ಲೆಕ್ಕ ಸರಿಯಾಗಿದ್ದರೆ ಸಾಕು.

ಇವುಗಳಲ್ಲಿ ಧ್ವನಿಯ ಕಾಲಂ ಬಹಳ ಮುಖ್ಯ. ನೀರು ಕುಡಿದ ಮೇಲೆ 'ಆ...' ಎಂದು ಉದ್ದಕ್ಕೆ ಹೇಳಿಸಿ. ನೀರೊಳಗಿಂದ ಮಾತಾಡಿದಂತೆ ಗುಳುಗುಳು ಎಂದರೆ ಧ್ವನಿಪೆಟ್ಟಿಗೆಯ ಮೇಲೆ ದ್ರವ ಉಳಿದಿದೆ ಎಂದು ಅರ್ಥ. ಕೆಮ್ಮಿ, ಇನ್ನೊಮ್ಮೆ ನುಂಗಲು ಹೇಳಿ. ಇದಲ್ಲದೆ ಗಮನಿಸಬೇಕಾದ್ದು: ಮೊದಲು ಹದಿನೈದು ನಿಮಿಷದಲ್ಲಿ ಮುಗಿಯುತ್ತಿದ್ದ ಊಟ ಮುಕ್ಕಾಲು ಗಂಟೆಗೆ ಎಳೆಯುವುದು, ಊಟ ಮುಗಿದ ಎಷ್ಟೋ ಹೊತ್ತಿನ ಮೇಲೂ ಕೆನ್ನೆಯ ಒಳಗೆ ಅನ್ನ ಸಿಗುವುದು, ಮಾತ್ರೆ ಗಂಟಲಲ್ಲಿ ನಿಂತಂತಾಗುವುದು, ದಿಂಬು ಜೊಲ್ಲಿನಿಂದ ಒದ್ದೆಯಾಗುವುದು, ಕಾರಣ ತಿಳಿಯದೆ ತೂಕ ಇಳಿಯುವುದು, ಮತ್ತೆ ಮತ್ತೆ ಜ್ವರ. ಚಪಾತಿ ಬೇಡ, ಅವಲಕ್ಕಿ ಬೇಡ ಎಂದು ಒಂದೊಂದೇ ತಿಂಡಿಯನ್ನು ಬಿಡುತ್ತಾ ಬಂದರೆ ಅದು ನಾಲಗೆಯ ಚಪಲವಲ್ಲ, ಗಂಟಲಿನ ದೂರು.

ಜೊಲ್ಲಿನ ವಿಷಯದಲ್ಲಿ ಎಲ್ಲರಿಗೂ ಒಂದು ತಪ್ಪು ತಿಳಿವಳಿಕೆ ಇದೆ. ಉಗುಳು ಹೆಚ್ಚು ಉತ್ಪತ್ತಿಯಾಗುವುದರಿಂದ ಸುರಿಯುತ್ತದೆ ಎಂದು ನಾವೂ ನಂಬಿದ್ದೆವು. ನಾವೆಲ್ಲ ಗೊತ್ತಿಲ್ಲದೆಯೇ ಆಗಾಗ ಉಗುಳು ನುಂಗುತ್ತಿರುತ್ತೇವೆ. ಪಾರ್ಕಿನ್ಸನ್‌ನಲ್ಲಿ ಆ ತಾನಾಗಿ ನುಂಗುವ ಅಭ್ಯಾಸ ವಿರಳವಾಗುತ್ತದೆ, ತುಟಿ ಸಡಿಲವಾಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಇದು ಹೊಸ ಸಂಗತಿಯೇನಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗಲೇ ಜೊಲ್ಲು ಸುರಿಯುವುದನ್ನೂ ನುಂಗುವ ಕಷ್ಟವನ್ನೂ ದಾಖಲಿಸಿದ್ದ. ಇನ್ನೂರು ವರ್ಷಗಳ ನಂತರವೂ ನಾವು ನಡುಕವನ್ನಷ್ಟೇ ಕಾಯಿಲೆ ಎಂದುಕೊಂಡಿದ್ದೇವೆ.

ಮಾತಿನ ಚಿಕಿತ್ಸಕರ ಬಳಿ ಊಟದ ದೂರು ಏಕೆ?

ನರರೋಗ ತಜ್ಞರು 'ಸ್ಪೀಚ್ ಥೆರಪಿಸ್ಟ್ ನೋಡಿ' ಎಂದು ಬರೆದುಕೊಟ್ಟಾಗ ಅಪ್ಪನಿಗೆ ಸಿಟ್ಟೇ ಬಂದಿತ್ತು. ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವನಿಗೆ ಮಾತು ಕಲಿಸುವವರು ಯಾರು ಎಂದು. ಆದರೆ ಮಾತಿಗೂ ನುಂಗುವುದಕ್ಕೂ ಉಪಕರಣ ಒಂದೇ: ತುಟಿ, ನಾಲಗೆ, ಅಂಗುಳು, ಗಂಟಲು, ಧ್ವನಿಪೆಟ್ಟಿಗೆ, ಉಸಿರು. ಒಂದು ತುತ್ತು ಇಳಿಯಲು ಇಪ್ಪತ್ತೈದಕ್ಕೂ ಹೆಚ್ಚು ಜೊತೆ ಸ್ನಾಯುಗಳು ತಾಳ ತಪ್ಪದೆ ದುಡಿಯಬೇಕು. ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ಧ್ವನಿತಂತುಗಳು ಕೂಡಿಕೊಂಡು ಶ್ವಾಸನಾಳದ ಬಾಗಿಲು ಹಾಕುತ್ತವೆ, ಧ್ವನಿಪೆಟ್ಟಿಗೆ ಮೇಲಕ್ಕೇರುತ್ತದೆ, ಅನ್ನನಾಳ ತೆರೆಯುತ್ತದೆ. ಗಂಟಲಿನ ಈ ಭಾಗವಷ್ಟೂ ಸುಮಾರು ಒಂದು ಸೆಕೆಂಡಿನ ಕೆಲಸ. ಪಾರ್ಕಿನ್ಸನ್‌ನಲ್ಲಿ ಎಲ್ಲ ಚಲನೆಗಳೂ ನಿಧಾನ, ಎಲ್ಲವೂ ಚಿಕ್ಕದು. ನಾಲಗೆ ತುತ್ತನ್ನು ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ಆಡಿಸುತ್ತಿರುತ್ತದೆ, ನುಂಗುವ ಅಪ್ಪಣೆ ತಡವಾಗಿ ಬರುತ್ತದೆ. ಅಷ್ಟರೊಳಗೆ ತೆಳ್ಳಗಿನ ದ್ರವ ಜಾರಿ ಬಾಗಿಲು ದಾಟಿರುತ್ತದೆ.

ಈ ಚಿಕಿತ್ಸಕರಿಗೆ ಬಿ.ಎ.ಎಸ್.ಎಲ್.ಪಿ. ಅಥವಾ ಅದಕ್ಕಿಂತ ಮೇಲಿನ ಪದವಿ ಇರುತ್ತದೆ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಕೇಳಲು ಸಂಕೋಚ ಬೇಡ. ಇನ್ನೊಂದು ಪ್ರಶ್ನೆಯನ್ನೂ ಫೋನಿನಲ್ಲೇ ಕೇಳಿ: 'ನುಂಗುವ ತೊಂದರೆಯ ರೋಗಿಗಳನ್ನು ನೋಡುತ್ತೀರಾ?' ಕೆಲವು ಕಡೆ ಮಕ್ಕಳ ಮಾತು ಮತ್ತು ಶ್ರವಣ ಸಾಧನಗಳ ಕೆಲಸವಷ್ಟೇ ನಡೆಯುತ್ತದೆ. ಕಾಸರಗೋಡಿನ ಉತ್ತರದ ಊರುಗಳವರಿಗೆ ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ರೂಢಿ. ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ವಾಕ್-ಶ್ರವಣ ವಿಭಾಗಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲೇ ಹೆಸರಾದದ್ದು. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿಗೆ ತಡೆ ಬಿದ್ದಾಗ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ತಪಾಸಣೆ ದೂರದಲ್ಲಿ ಮಾಡಿಸಿದರೂ ವಾರವಾರದ ಅಭ್ಯಾಸಕ್ಕೆ ಹತ್ತಿರದಲ್ಲೊಬ್ಬರನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಹತ್ತಿರದವರು ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಮಲಯಾಳಂ ಮಾತಾಡುವವರು. ಇಲ್ಲೊಂದು ತಮಾಷೆ ನಡೆಯಿತು. ನಮಗೆ ಸಿಕ್ಕ ಚಿಕಿತ್ಸಕಿ ಕಣ್ಣೂರು ಕಡೆಯ ಹುಡುಗಿ, ಕೆಲಸದಲ್ಲಿ ಗಟ್ಟಿಗಿತ್ತಿ. ಒಂದು ಚಮಚ ನೀರು ಬಾಯಿಗೆ ಕೊಟ್ಟು 'ಇರಕ್ಕು, ಇರಕ್ಕು' ಎಂದಳು. ಮಲಯಾಳದಲ್ಲಿ ಅದಕ್ಕೆ ಇಳಿಸು, ನುಂಗು ಎಂದರ್ಥ. ಕಿವಿ ಸ್ವಲ್ಪ ಮಂದವಾದ ಅಪ್ಪನಿಗೆ ಕೇಳಿಸಿದ್ದು ನಮ್ಮ ಹವ್ಯಕ ಭಾಷೆಯ 'ಇರೆಕ್ಕು'. ಅಂದರೆ ಹಾಗೆಯೇ ಇರಬೇಕು! ಅವಳು ಇಳಿಸು ಎಂದಷ್ಟೂ ಇವರು ವಿಧೇಯರಾಗಿ ನೀರನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತರು. ಅವಳು ಚೀಟಿಯಲ್ಲಿ 'ನುಂಗುವಿಕೆ ಆರಂಭವಾಗಲು ಬಹಳ ವಿಳಂಬ' ಎಂದು ಬರೆಯುವುದರಲ್ಲಿದ್ದಳು. ನಗುವ ಮಾತು ಹೌದು, ಆದರೆ ತಪಾಸಣೆಯ ಫಲಿತಾಂಶವನ್ನೇ ತಪ್ಪಿಸುವ ಮಾತು ಕೂಡ. ರೋಗಿಯ ಮನೆಮಾತು ಬಲ್ಲವರೊಬ್ಬರು ಪಕ್ಕದಲ್ಲಿರಲೇಬೇಕು, ಕನ್ನಡವಾಗಲಿ, ತುಳುವಾಗಲಿ, ಕೊಂಕಣಿಯಾಗಲಿ. ಸೂಚನೆಗಳನ್ನು ಮಲಯಾಳದಲ್ಲಿ ಬರೆದುಕೊಟ್ಟರೆ ಅಲ್ಲೇ ಕುಳಿತು ಕನ್ನಡಕ್ಕೆ ಬರೆದುಕೊಂಡು, ಓದಿ ಹೇಳಿ, ಸರಿಯೇ ಎಂದು ಕೇಳಿ ಬನ್ನಿ.

ಹೋಗುವಾಗ ನೋಟುಪುಸ್ತಕ, ಎಲ್ಲ ಮಾತ್ರೆಗಳ ಚೀಟಿ, ಕಟ್ಟುಹಲ್ಲು ಇದ್ದರೆ ಅದು, ಹಾಗೂ ಮನೆಯಲ್ಲಿ ನಿಜವಾಗಿ ತಿನ್ನುವ ಆಹಾರದ ಒಂದು ಡಬ್ಬಿ ಕೊಂಡೊಯ್ಯಿರಿ. ಬಿಸ್ಕತ್ತು ಕೊಟ್ಟು ಪರೀಕ್ಷಿಸಿದರೆ ಕುಚ್ಚಲಕ್ಕಿ ಅನ್ನದ ಕಥೆ ತಿಳಿಯುವುದಿಲ್ಲ. ಅಗತ್ಯವಿದ್ದರೆ ಎರಡು ಪರೀಕ್ಷೆಗಳಲ್ಲಿ ಒಂದನ್ನು ಹೇಳುತ್ತಾರೆ. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್-ರೇ ವಿಡಿಯೋ ತೆಗೆಯುವುದು ಒಂದು. ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ ಗಂಟಲನ್ನು ನೋಡುವುದು ಇನ್ನೊಂದು. ಕೆಮ್ಮಿಲ್ಲದೆ ಒಳಗಿಳಿಯುವುದು ಪತ್ತೆಯಾಗಬೇಕಾದರೆ ಇವುಗಳಿಂದಲೇ. ಹೊರಗಿನಿಂದ ಎಷ್ಟೇ ಅನುಭವಿ ನೋಡಿದರೂ ಊಹೆಯೇ. ಆ ಎಕ್ಸ್-ರೇ ಪರದೆಯ ಮೇಲೆ ಅಪ್ಪ ನುಂಗಿದ್ದರಲ್ಲಿ ಒಂದು ಕಪ್ಪು ದಾರದೆಳೆ ಮುಂಭಾಗದ ಶ್ವಾಸನಾಳಕ್ಕೆ ಇಳಿದದ್ದನ್ನು ನಾನು ಕಂಡೆ. ಅವರು ಕೆಮ್ಮಲಿಲ್ಲ. 'ಆಯಿತೇ?' ಎಂದು ಕೇಳಿದರು.

ಮಣೆ ಬಿಟ್ಟು ಕುರ್ಚಿಗೆ

ಊಟದ ಭಂಗಿಯನ್ನು ಬದಲಿಸುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ, ಆದರೆ ಎಲ್ಲಕ್ಕಿಂತ ಹೆಚ್ಚು ಜಗಳವಾಗುವುದೂ ಇದರ ಮೇಲೆಯೇ. ಚಕ್ಕಳಮಕ್ಕಳ ಹಾಕಿ ಮಣೆಯ ಮೇಲೆ ಕುಳಿತರೆ ಪಾರ್ಕಿನ್ಸನ್ ಇರುವವರ ಬೆನ್ನು ಇನ್ನಷ್ಟು ಗೂನಾಗುತ್ತದೆ, ಎಲೆಯತ್ತ ಬಾಗಿದ ತಲೆ ಬಾಯಿಗೆ ತುತ್ತು ಹೋಗುವಾಗ ಮೇಲಕ್ಕೆ ಚಾಚುತ್ತದೆ. ಕೈಯಿರುವ ಗಟ್ಟಿ ಕುರ್ಚಿ, ಎದೆಯ ಮಟ್ಟಕ್ಕೆ ಬರುವ ಮೇಜು, ಪಾದ ನೆಲಕ್ಕೆ ಊರಿರಬೇಕು. ಕಾಲು ತೂಗಾಡುತ್ತಿದ್ದರೆ ಆ ಮಣೆಯನ್ನೇ ಕಾಲಡಿಗೆ ಇಡಿ. ಆರಾಮಕುರ್ಚಿಯಲ್ಲಿ ಒರಗಿಸಿ ಉಣ್ಣಿಸುವುದು, ಹಾಸಿಗೆಯಲ್ಲಿ ದಿಂಬು ಕೊಟ್ಟು ಚಹಾ ಕುಡಿಸುವುದು ಬೇಡ. ಊಟವಾದ ಮೇಲೆ ಅರ್ಧ ಗಂಟೆಯಾದರೂ ನೇರವಾಗಿ ಕುಳಿತಿರಬೇಕು.

ಎರಡನೆಯದು ನೀರು ಕುಡಿಯುವ ಕ್ರಮ. ಎಂಜಲಾಗದಂತೆ ಗಿಂಡಿಯನ್ನೋ ಚೊಂಬನ್ನೋ ಎತ್ತಿ, ತಲೆ ಹಿಂದಕ್ಕೆ ಚಾಚಿ, ಮೇಲಿನಿಂದ ಧಾರೆ ಹೊಯ್ದುಕೊಳ್ಳುವುದು ನಮ್ಮ ಹಿರಿಯರ ಶಿಸ್ತು. ಗಂಟಲು ಸೋತವರಿಗೆ ಇದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ. ತಲೆ ಹಿಂದಕ್ಕೆ ಹೋದರೆ ಶ್ವಾಸನಾಳದ ದಾರಿ ಅಗಲವಾಗುತ್ತದೆ, ನೀರು ತಡೆಯಿಲ್ಲದೆ ಓಡುತ್ತದೆ. ಅಪ್ಪನಿಗೆ ಅವರದೇ ಒಂದು ಅಗಲ ಬಾಯಿಯ ಸ್ಟೀಲ್ ಲೋಟ ಗೊತ್ತು ಮಾಡಿ, ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಕಚ್ಚಿ ಕುಡಿಯಲು ಒಪ್ಪಿದರು. ಲೋಟ ಯಾವಾಗಲೂ ತುಂಬ ಇರಲಿ. ತಳದಲ್ಲಿ ಸ್ವಲ್ಪವೇ ಉಳಿದರೆ ತಲೆ ಎತ್ತಲೇಬೇಕಾಗುತ್ತದೆ.

ಗಲ್ಲವನ್ನು ಎದೆಯತ್ತ ತಗ್ಗಿಸಿ ನುಂಗುವುದು ಕೆಲವರಿಗೆ ಬಹಳ ಸಹಾಯ, ಕೆಲವರಿಗೆ ನಿರುಪಯೋಗ. ಪರೀಕ್ಷೆಯಲ್ಲಿ ನೋಡಿ ಚಿಕಿತ್ಸಕರು ಹೇಳಿದರೆ ಮಾತ್ರ ಮಾಡಿಸಿ.

ತುತ್ತು ಒಂದು ಚಿಕ್ಕ ಚಮಚದಷ್ಟು. ಒಂದು ತುತ್ತಿಗೆ ಎರಡು ಸಲ ನುಂಗುವುದು: ಮೊದಲನೆಯದು ಅನ್ನಕ್ಕೆ, ಎರಡನೆಯದು ಗಂಟಲಲ್ಲಿ ಉಳಿದದ್ದಕ್ಕೆ. ಬಾಯಿ ಖಾಲಿಯಾಗದೆ ಮುಂದಿನ ತುತ್ತು ಬೇಡ. ಟಿ.ವಿ. ಆರಿಸಿ. ಪಾರ್ಕಿನ್ಸನ್ ಇರುವವರಿಗೆ ಏಕಕಾಲಕ್ಕೆ ಎರಡು ಕೆಲಸ ಕಷ್ಟ, ಗಮನ ಅತ್ತ ಹೋದರೆ ನುಂಗುವುದು ಕೆಡುತ್ತದೆ. ನೆಂಟರು ಬಂದಾಗ ಇದು ಇನ್ನೂ ಹೆಚ್ಚು. 'ಗುರುತಾಯಿತೇ, ನಾನು ಯಾರು ಹೇಳಿ?' ಎಂದು ಬಾಯಲ್ಲಿ ಅನ್ನವಿರುವವರನ್ನು ಕೇಳುವ ನೆಂಟರಿಗೆ ಹೊರಗೆ ಜಗಲಿಯಲ್ಲಿ ಪಾನಕ ಕೊಟ್ಟು ಕೂರಿಸಿ. ಮೂರು ದೊಡ್ಡ ಊಟಕ್ಕಿಂತ ಐದಾರು ಚಿಕ್ಕ ಊಟ ಒಳ್ಳೆಯದು, ಏಕೆಂದರೆ ಅರ್ಧ ಗಂಟೆ ದಾಟಿದರೆ ಗಂಟಲಿಗೆ ಆಯಾಸವಾಗುತ್ತದೆ. ತಟ್ಟೆ ಖಾಲಿ ಮಾಡಿಸುವ ಹಟ ಬೇಡ.

ಗಂಜಿ ಸುಲಭವೆಂಬ ನಂಬಿಕೆ

ಹುಷಾರಿಲ್ಲದವರಿಗೆ ಗಂಜಿ ಎನ್ನುವುದು ನಮ್ಮ ಊರಿನ ಮೊದಲ ಸೂತ್ರ. ಹೊಟ್ಟೆಗೆ ಅದು ಸರಿ, ಗಂಟಲಿಗೆ ಅಲ್ಲ. ಕುಚ್ಚಲಕ್ಕಿ ಗಂಜಿಯಲ್ಲಿ ತೆಳ್ಳಗಿನ ತಿಳಿಯೂ ಇದೆ, ಅಗಿಯಬೇಕಾದ ಅಗುಳೂ ಇದೆ. ನಾಲಗೆ ಅಗುಳನ್ನು ಸಂಭಾಳಿಸುತ್ತಿರುವಾಗ ತಿಳಿ ಕಾಯದೆ ಗಂಟಲಿಗೆ ಜಾರುತ್ತದೆ. ದ್ರವ ಮತ್ತು ಘನ ಬೆರೆತದ್ದೆಲ್ಲವೂ ಹೀಗೆಯೇ: ಹೋಳುಗಳಿರುವ ತೆಳು ಸಾಂಬಾರು, ಮಜ್ಜಿಗೆಯಲ್ಲಿ ಕಲಸಿದ ಅನ್ನ, ಹಾಲಿಗೆ ಹಾಕಿದ ಅವಲಕ್ಕಿ, ಶ್ಯಾವಿಗೆ ಪಾಯಸ. ಗಂಜಿ ಬೇಕೇ ಬೇಕೆಂದರೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಚಮಚದಿಂದ ಮೆಲ್ಲಗೆ ಜಾರುವ ಹದಕ್ಕೆ ತನ್ನಿ. ಆಷಾಢದಲ್ಲಿ ಮೂರು ದಿನ ಕರೆಂಟು ಹೋದಾಗ ಅಮ್ಮ ಕಡೆಯುವ ಕಲ್ಲಿನಲ್ಲೇ ಗಂಜಿ ಕಡೆದಳು, ಮಿಕ್ಸಿಯದ್ದಕ್ಕಿಂತ ನುಣುಪಾಗಿತ್ತು.

ಹದವನ್ನು ಬಾಯಿಮಾತಿನಲ್ಲಿ ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ತೋರುತ್ತದೆ. ಅದಕ್ಕಾಗಿ ಈಗ ಅಂತರರಾಷ್ಟ್ರೀಯ ಅಳತೆ ಇದೆ, ಹೆಸರು ಇಡ್ಸಿ. 0ಯಿಂದ 7ರವರೆಗೆ ಮಟ್ಟಗಳು. 0 ಎಂದರೆ ನೀರು, 4 ಎಂದರೆ ನುಣ್ಣಗೆ ರುಬ್ಬಿದ ಆಹಾರ, 7 ಎಂದರೆ ಸಾಮಾನ್ಯ ಊಟ. ದ್ರವದ ಹದ ನೋಡಲು ಬೇಕಾದದ್ದು ಔಷಧದಂಗಡಿಯ 10 ಎಂ.ಎಲ್. ಸಿರಿಂಜ್. ಅದರ 0ಯಿಂದ 10ರ ಗುರುತಿನವರೆಗಿನ ಉದ್ದ 61.5 ಮಿಲಿಮೀಟರ್ ಇರಬೇಕು, ಸ್ಕೇಲಿನಿಂದ ಅಳೆದು ನೋಡಿ. ಒಳಗಿನ ಕಡ್ಡಿ ತೆಗೆದು, ತುದಿಗೆ ಬೆರಳು ಒತ್ತಿ, 10ರವರೆಗೆ ದ್ರವ ತುಂಬಿ. ಬೆರಳು ತೆಗೆದು ಹತ್ತು ಸೆಕೆಂಡು ಎಣಿಸಿ ಮತ್ತೆ ಮುಚ್ಚಿ. ಉಳಿದದ್ದು 1 ಎಂ.ಎಲ್.ಗಿಂತ ಕಡಿಮೆಯಾದರೆ ಅದು ನೀರಿನ ಮಟ್ಟ. 1ರಿಂದ 4 ಉಳಿದರೆ ಒಂದನೆಯ ಮಟ್ಟ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದು ತೊಟ್ಟಿಕ್ಕುತ್ತಿದ್ದರೆ ಮೂರನೆಯದು. ಚಿಕಿತ್ಸಕರು 'ಎರಡನೆಯ ಮಟ್ಟ' ಎಂದರೆ ನಮ್ಮ ಅಡುಗೆಮನೆಯಲ್ಲಿ ಈಗ ವಾದವಿಲ್ಲ, ಸಿರಿಂಜೇ ನ್ಯಾಯ ಹೇಳುತ್ತದೆ. ಗಟ್ಟಿ ಆಹಾರಕ್ಕೆ ಮುಳ್ಳುಚಮಚ ಸಾಕು: ಹೆಬ್ಬೆರಳಿನ ಉಗುರು ಬಿಳಿಚುವಷ್ಟು ಒತ್ತಿದಾಗ ತುಂಡು ಚಪ್ಪಟೆಯಾಗಿ, ಒತ್ತು ಬಿಟ್ಟರೂ ಹಾಗೆಯೇ ಉಳಿದರೆ ಮೆತ್ತಗಿದೆ ಎಂದು ಲೆಕ್ಕ.

ದಪ್ಪ ಮಾಡುವ ಪುಡಿಗಳು ಅಂಗಡಿಯಲ್ಲಿ ಸಿಗುತ್ತವೆ. ನಮ್ಮಲ್ಲಿ ಕೂವೆ ಹುಡಿ (ಆರಾರೂಟ್) ಮೊದಲಿನಿಂದಲೂ ಇದ್ದದ್ದೇ. ಕೂವೆಯ ಮಣ್ಣಿ, ರಾಗಿ ಮಣ್ಣಿ ಎರಡೂ ಗಂಟಿಲ್ಲದೆ ಕಾಸಿದರೆ ನುಂಗಲು ಹಿತ. ಒಂದು ಎಚ್ಚರ: ಪಿಷ್ಟದಿಂದ ದಪ್ಪ ಮಾಡಿದ್ದು ಉಗುಳು ಬೆರೆತಾಗ ಮತ್ತೆ ತೆಳ್ಳಗಾಗುತ್ತದೆ, ಎಂಜಲು ಚಮಚವನ್ನು ಅದ್ದಿಟ್ಟ ಬಟ್ಟಲಲ್ಲಿ ಐದು ನಿಮಿಷದಲ್ಲೇ ಇದನ್ನು ಕಾಣಬಹುದು. ಆರಿದಾಗ ಅದೇ ಮಣ್ಣಿ ಗಟ್ಟಿಯಾಗುವುದೂ ಉಂಟು. ಕ್ಸಾಂಥನ್ ಗಮ್ ಇರುವ ಪುಡಿಗೆ ಉಗುಳಿನ ಕಾಟವಿಲ್ಲ. ದಪ್ಪ ಮಾಡಿದ ನೀರು ಎಲ್ಲರಿಗೂ ಬೇಕೆಂದೂ ಇಲ್ಲ. ಅದರ ರುಚಿಗೆ ಬೇಸತ್ತು ಜನ ನೀರನ್ನೇ ಕಡಿಮೆ ಮಾಡುತ್ತಾರೆ, ಮೊದಲೇ ಇರುವ ಮಲಬದ್ಧತೆ ಬಿಗಡಾಯಿಸುತ್ತದೆ. ಯಾರಿಗೆ, ಎಷ್ಟು ದಪ್ಪ ಎನ್ನುವುದು ಪರೀಕ್ಷೆ ನೋಡಿದವರ ನಿರ್ಧಾರವಾಗಿರಲಿ.

ಚೆನ್ನಾಗಿ ನಡೆಯುವುದು: ತುಪ್ಪ ಅಥವಾ ದಪ್ಪ ಸಾರಿನಲ್ಲಿ ಹಿಸುಕಿದ ಬೆಳ್ತಿಗೆ ಅನ್ನ, ಬೇಯಿಸಿ ಮಸೆದ ನೇಂದ್ರ ಬಾಳೆ, ಬೆಂದ ಸಿಹಿಗುಂಬಳ, ತೆಂಗಿನಕಾಯಿ ನುಣ್ಣಗೆ ಅರೆದು ಹಾಕಿದ ದಪ್ಪ ಮೇಲಾರ, ಮಾವಿನಹಣ್ಣಿನ ರಸ ಸೋಸಿದ್ದು. ಮೀನು ತಿನ್ನುವ ಮನೆಯವರು ಮುಳ್ಳನ್ನು ಬೆರಳಿನಿಂದಲೇ ಬಿಡಿಸಿ, ಕಣ್ಣಿನಿಂದ ನೋಡಿ ನಂಬಬೇಡಿ. ದೂರವಿಡಬೇಕಾದ್ದು: ಒಣ ಅವಲಕ್ಕಿ, ಹಪ್ಪಳ, ಚಕ್ಕುಲಿಯಂಥ ಪುಡಿಯಾಗುವುದು, ನೆಲಗಡಲೆ, ನಾರಿರುವ ಹಲಸಿನ ತೊಳೆ, ಗಂಟಲಿಗೆ ಅಂಟುವ ಕೊಟ್ಟಿಗೆ ಎಂಬ ಕಡುಬು. ಇನ್ನೊಂದು ಎಲೆಅಡಿಕೆ. ಅಡಿಕೆಯ ನಾಡಿನಲ್ಲಿ ಕುಳಿತು ಈ ಮಾತು ಬರೆಯುವುದು ಸಂಕಟವೇ. ಆದರೆ ಅಡಿಕೆಯ ಚೂರು, ಎಲೆಯ ನಾರು, ಬಾಯ್ತುಂಬ ರಸ, ಅದರ ಮೇಲೆ ಮಾತು. ಅಪಾಯದ ಎಲ್ಲ ಅಂಗಗಳೂ ಒಂದೇ ಬಾಯಲ್ಲಿ ಕೂಡಿದಂತೆ.

ಮಾತ್ರೆಯ ಗಡಿಯಾರ

ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧವಾದ ಲೆವೊಡೋಪಾ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಊಟ ಬರುವಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಕೊಡಲು ಹೇಳುತ್ತಾರೆ, ಏಕೆಂದರೆ ಬೇಳೆ, ಹಾಲು, ಮೊಟ್ಟೆ, ಮೀನಿನ ಪ್ರೋಟೀನು ಮಾತ್ರೆಯ ಜೊತೆ ಒಳಸೇರಲು ಪೈಪೋಟಿ ನಡೆಸುತ್ತದೆ. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ. ಮಾತ್ರೆಯಿಂದ ಕೈಕಾಲು ಸಡಿಲವಾದಷ್ಟು ಗಂಟಲು ಸುಧಾರಿಸದಿರಬಹುದು ಎನ್ನುವುದನ್ನೂ ತಿಳಿದಿರಿ. ಥೆರಪಿ ಬೇಕಾಗುವುದೇ ಅದಕ್ಕೆ.

ಮಾತ್ರೆ ನುಂಗಲು ಕಷ್ಟವೆಂದು ಕುಟ್ಟಿ ಪುಡಿ ಮಾಡುವ ಮೊದಲು ಕೇಳಿ. ಹೆಸರಿನ ಮುಂದೆ ಸಿ.ಆರ್. ಎಂದಿರುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡಬಾರದು. ಮಸೆದ ಬಾಳೆಹಣ್ಣಿನ ಒಂದು ಚಮಚದಲ್ಲಿ ಇಡೀ ಮಾತ್ರೆ ಇಟ್ಟು ಕೊಡುವುದು ನೀರಿಗಿಂತ ಸುಲಭ. ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್ ಪಾರ್ಕಿನ್ಸನ್ ಲಕ್ಷಣಗಳನ್ನು ಹೆಚ್ಚಿಸುತ್ತವೆ. ಯಾವ ಆಸ್ಪತ್ರೆಗೆ ಹೋದರೂ 'ಪಾರ್ಕಿನ್ಸನ್ ಇದೆ' ಎಂದು ಮೊದಲೇ ಹೇಳಿ. ನಸುಗುನ್ನಿ ಬೀಜದ ಪುಡಿಯಲ್ಲೂ ಲೆವೊಡೋಪಾ ಇದೆ. ಕಂಪವಾತಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ಮಾತ್ರೆಯ ಜೊತೆಗೇ ಗುಟ್ಟಾಗಿ ಕೊಟ್ಟರೆ ಪ್ರಮಾಣ ಎರಡು ಕಡೆಯಿಂದ ಏರುತ್ತದೆ.

ಅಭ್ಯಾಸ

ಇದನ್ನೂ ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲೇ ಮಾಡಿಸಬೇಕು. ಅಪ್ಪನಿಗೆ ಕೊಟ್ಟದ್ದು ಮೂರು. ಮೊದಲನೆಯದು ಬಲವಾಗಿ ನುಂಗುವುದು: ದೊಡ್ಡ ಗುಳಿಗೆಯೊಂದು ಗಂಟಲಲ್ಲಿದೆ ಎಂದುಕೊಂಡು, ನಾಲಗೆಯನ್ನು ಅಂಗುಳಿಗೆ ಒತ್ತಿ, ಗಂಟಲನ್ನೆಲ್ಲ ಬಿಗಿದು ಉಗುಳನ್ನು ಇಳಿಸುವುದು.

ಎರಡನೆಯದು ಉಸಿರನ್ನು ಹೊರಗೆ ಊದುವ ಸಣ್ಣ ಸಾಧನ. ಒಳಗೊಂದು ಸ್ಪ್ರಿಂಗ್ ಕವಾಟ ಇರುತ್ತದೆ, ಸಾಕಷ್ಟು ರಭಸದಿಂದ ಊದಿದರೆ ಮಾತ್ರ ತೆರೆಯುತ್ತದೆ. ಐದು ಊದು, ವಿರಾಮ, ಹೀಗೆ ಐದು ಸುತ್ತು, ವಾರಕ್ಕೆ ಐದು ದಿನ. ಪಾರ್ಕಿನ್ಸನ್ ರೋಗಿಗಳ ಮೇಲೆಯೇ ಪರೀಕ್ಷಿಸಿ ನುಂಗುವುದಕ್ಕೆ ಪ್ರಯೋಜನ ಕಂಡ ಕ್ರಮವಿದು, ಕೆಮ್ಮಿಗೂ ಬಲ ಬರುತ್ತದೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು. ಕೋವಿಡ್ ಸಮಯದಲ್ಲಿ ಮನೆಮನೆಗೆ ಬಂದ ಮೂರು ಚೆಂಡಿನ ಪೆಟ್ಟಿಗೆ ಇದಲ್ಲ. ಅದು ಉಸಿರನ್ನು ಒಳಗೆ ಎಳೆಯುವುದಕ್ಕೆ.

ಮೂರನೆಯದು ಧ್ವನಿ. ಪಾರ್ಕಿನ್ಸನ್‌ನಲ್ಲಿ ಸ್ವರ ತಗ್ಗುತ್ತದೆ, ಆದರೆ ತಗ್ಗಿದ್ದು ಮಾತಾಡುವವರಿಗೆ ತಿಳಿಯುವುದಿಲ್ಲ. ನಾವು 'ಜೋರಾಗಿ ಹೇಳಿ' ಎಂದರೆ 'ಕಿರುಚಬೇಕೇ?' ಎಂದು ಅಪ್ಪ ರೇಗುತ್ತಿದ್ದರು. ಇದಕ್ಕೆ ಹೆಸರಾದ ಕ್ರಮವೊಂದಿದೆ, ಎಲ್‌.ಎಸ್‌.ವಿ.ಟಿ. ಲೌಡ್ ಎಂದು. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ, ಒಟ್ಟು ಹದಿನಾರು ಪಾಠ, ಜೊತೆಗೆ ಮನೆಯ ಅಭ್ಯಾಸ. ಧ್ವನಿಯ ಅಭ್ಯಾಸವೊಂದರಿಂದಲೇ ನುಂಗುವುದು ಸರಿಯಾಗುತ್ತದೆ ಎಂದು ಭಾವಿಸಬೇಡಿ, ಅದು ಜೊತೆಗಾರ. ಚಿಕಿತ್ಸಕಿ ಕೊಟ್ಟ ವಾಕ್ಯಗಳ ಪಟ್ಟಿ ಮಲಯಾಳದಲ್ಲಿತ್ತು. ಅಪ್ಪ ಅದನ್ನು ಬದಿಗಿಟ್ಟು ಕೌರವನ ಅರ್ಥ ಹಿಡಿದರು. ಮೊದಲ ದಿನ ಅಡುಗೆಮನೆಗೂ ಕೇಳಿಸಲಿಲ್ಲ. ಮೂರನೆಯ ವಾರ ಕೊಟ್ಟಿಗೆಯಲ್ಲಿದ್ದ ಅಮ್ಮ 'ಯಾರೊಡನೆ ಯುದ್ಧ?' ಎಂದು ಅಲ್ಲಿಂದಲೇ ಕೂಗಿದಳು. ನಿಮ್ಮವರ ಬಾಯಲ್ಲಿ ಇರುವುದನ್ನೇ ಹಿಡಿಯಿರಿ: ಭಜನೆ, ಮಗ್ಗಿ, ಹರಾಜಿನ ಕೂಗು, ಏನಾದರೂ.

ಹಲ್ಲುಜ್ಜುವುದೂ ಚಿಕಿತ್ಸೆ

ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುವುದು ಶುದ್ಧ ನೀರಿನ ಹನಿಯಾದರೆ ದೇಹ ಅದನ್ನು ಹೇಗೋ ಸಹಿಸೀತು. ಬಾಯಿಯ ರೋಗಾಣುಗಳನ್ನು ಹೊತ್ತ ಉಗುಳಾದರೆ ನ್ಯುಮೋನಿಯಾ. ಬೆಳಗ್ಗೆ, ಮಲಗುವ ಮೊದಲು ಹಲ್ಲು, ನಾಲಗೆ ಉಜ್ಜಿಸಿ. ಪ್ರತಿ ಊಟದ ನಂತರ ಕೆನ್ನೆಯ ಒಳಗೆ ಒದ್ದೆ ಬಟ್ಟೆ ಸುತ್ತಿದ ಬೆರಳಾಡಿಸಿ. ಕಟ್ಟುಹಲ್ಲು ರಾತ್ರಿ ಹೊರಗಿರಲಿ.

ಉಸಿರು ಕಟ್ಟಿದರೆ

ಕೆಮ್ಮುತ್ತಿದ್ದಾರೆ, ಶಬ್ದ ಬರುತ್ತಿದೆ ಎಂದಾದರೆ ಕೆಮ್ಮಲು ಬಿಡಿ, ಮುಂದಕ್ಕೆ ಬಾಗಿಸಿ. ತಲೆ ತಟ್ಟಬೇಡಿ, ನೀರು ಕುಡಿಸಬೇಡಿ. ಶಬ್ದವೇ ಬರುತ್ತಿಲ್ಲ, ಉಸಿರಾಡಲಾಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಲವಾದ ಪೆಟ್ಟು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಜೋರಾಗಿ ಎಳೆಯಿರಿ. ಹೊರಬರುವವರೆಗೆ ಇವೆರಡೂ ಸರದಿಯಲ್ಲಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಬೇಕು. ಮನೆಯವರೆಲ್ಲ ಇದನ್ನು ಒಮ್ಮೆ ಆರೋಗ್ಯ ಕೇಂದ್ರದ ನರ್ಸ್ ಬಳಿ ಕೈಯಾರೆ ಕಲಿಯಿರಿ. ಓದಿ ತಿಳಿದದ್ದು ಆ ಹೊತ್ತಿಗೆ ನೆನಪಾಗುವುದಿಲ್ಲ.

ಉಸಿರಿನ ವೇಗ ಹೆಚ್ಚಿದರೆ, ಜ್ವರ ಬಂದರೆ, ಇದ್ದಕ್ಕಿದ್ದಂತೆ ಮಂಕಾಗಿ ಅಸಂಬದ್ಧ ಮಾತಾಡಿದರೆ ಅಂದೇ ಆಸ್ಪತ್ರೆಗೆ. ವಯಸ್ಸಾದವರಲ್ಲಿ ಜ್ವರವಿಲ್ಲದೆಯೂ ನ್ಯುಮೋನಿಯಾ ಬರುತ್ತದೆ.

ಮುಂದಿನ ಮಾತು

ಕಾಯಿಲೆ ಮುಂದುವರಿದಂತೆ ಹೊಟ್ಟೆಗೆ ನಳಿಕೆ ಹಾಕುವ ಪ್ರಶ್ನೆ ಬರಬಹುದು. ಐಸಿಯುವಿನ ಬಾಗಿಲಲ್ಲಿ ನಿಂತು ಈ ನಿರ್ಧಾರ ಮಾಡಬೇಡಿ. ಅವರಿಗೆ ಮಾತು ಇರುವಾಗಲೇ, ಅವರಿಗೇನು ಬೇಕೆಂದು ಅವರನ್ನೇ ಕೇಳಿ. ನಳಿಕೆ ಹಾಕಿದರೂ ಉಗುಳು ದಾರಿ ತಪ್ಪುವುದು ನಿಲ್ಲುವುದಿಲ್ಲ ಎನ್ನುವುದು ಆ ಮಾತುಕತೆಯಲ್ಲಿ ಇರಬೇಕು. ಕೇರಳದಲ್ಲಿ 2008ರಿಂದ ಉಪಶಾಮಕ ಆರೈಕೆಗೆ ಸರಕಾರದ ನೀತಿಯೇ ಇದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಅದು ಕೊನೆಗಾಲದವರಿಗೆ ಮಾತ್ರ ಎಂದು ನಮ್ಮವರು ಹಿಂಜರಿಯುತ್ತಾರೆ, ಹಾಗೇನಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ.

ಗಂಟಲಿನ ಸ್ಥಿತಿ ಬದಲಾಗುತ್ತಾ ಇರುತ್ತದೆ, ಆರು ತಿಂಗಳಿಗೊಮ್ಮೆಯಾದರೂ ಚಿಕಿತ್ಸಕರಿಗೆ ತೋರಿಸಿ. ಕಳೆದ ಸಲ ಹೋದಾಗ ಆ ಕಣ್ಣೂರಿನ ಹುಡುಗಿ ನೋಟುಪುಸ್ತಕ ತಿರುವುತ್ತಾ 'ನೆನಪು' ಕಾಲಂನಲ್ಲಿ ಬೆರಳಿಟ್ಟಳು. ತಿಂಗಳುಗಟ್ಟಲೆ ಖಾಲಿ ಇದ್ದ ಜಾಗದಲ್ಲಿ ಒಂದು ಮಂಗಳವಾರ 2 ಎಂದಿತ್ತು. ಕೆಮ್ಮು ಜೋರಾಗಿತ್ತೇ ಎಂದು ಕೇಳಿದಳು. 'ಅಂಗಳದ ನಾಯಿ ಎದ್ದು ನಿಂತಿತು' ಎಂದೆ. ಒಳ್ಳೆಯದು, ಬಲ ಬಂದಿದೆ ಎಂದಳು. ಮತ್ತೆ ಹುಬ್ಬು ಗಂಟಿಕ್ಕಿ, ಆ ದಿನ ಏನು ಕೊಟ್ಟಿದ್ದಿರಿ ಎಂದಳು. ಆಹಾರದ ಕಾಲಂನಲ್ಲಿ 'ಮಣ್ಣಿ' ಎಂದಷ್ಟೇ ಬರೆದಿತ್ತು. ನಾನು ಅಮ್ಮನ ಮುಖ ನೋಡಿದೆ. 'ಕೇಳಿದರು, ಒಂದೇ ಒಂದು ಲೋಟ ತಂಬುಳಿ ಕೊಟ್ಟಿದ್ದೆ' ಎಂದು ಅಮ್ಮ ಒಪ್ಪಿಕೊಂಡಳು.